ಬಿಲ್ಲೆ ಬಿಡದ ಅಕ್ಕ

ಕಿಟಕಿ ಕಂಡರೆ ಸಾಕು, ನನ್ನ ನಡಿಗೆ ತಾನಾಗಿ ನಿಧಾನವಾಗುತ್ತದೆ. ತಪ್ಪು ತಿಳಿಯಬೇಡಿ, ನೆರೆಮನೆಯ ಕಿಟಕಿಯಲ್ಲ. ಈ ವಯಸ್ಸಿನಲ್ಲಿ ಅಂಥ ಅಪವಾದ ನನಗೆ ಬೇಡ. ನಾನು ಹೇಳುತ್ತಿರುವುದು ಕೌಂಟರಿನ ಕಿಟಕಿ. ಕರೆಂಟ್ ಬಿಲ್ ಕಟ್ಟುವಲ್ಲಿ, ಅಂಚೆ ಕಚೇರಿಯಲ್ಲಿ, ಆಸ್ಪತ್ರೆಯ ಚೀಟಿ ಕೊಡುವಲ್ಲಿ, ಎಲ್ಲಿ ನಿಂತರೂ ನನ್ನ ಸರದಿ ಬರುವಷ್ಟರಲ್ಲಿ ಒಳಗೆ ಕೂತವರ ಕೆಲಸಕ್ಕೆ ಮನಸ್ಸಿನಲ್ಲೇ ಅಂಕ ಕೊಟ್ಟು ಮುಗಿಸಿರುತ್ತೇನೆ. ಬಂಗಾರಪೇಟೆ ರೈಲು ನಿಲ್ದಾಣದ ಟಿಕೆಟ್ ಕಿಟಕಿಯ ಒಳಗಡೆ ಕೂತು ತಲೆ ನೆರೆಸಿಕೊಂಡವನು ನಾನು. ಈಗ ಹೊರಗಡೆ ನಿಲ್ಲುವುದೆಂದರೆ ಅಡುಗೆ ಭಟ್ಟನನ್ನು ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿದ ಹಾಗೆ. ತಿನ್ನುವುದಕ್ಕಿಂತ ಗೊಣಗುವುದೇ ಹೆಚ್ಚು.

ಆ ಕಿಟಕಿಯಿಂದ ಅಂಟಿಕೊಂಡ ಇನ್ನೊಂದು ಕಾಯಿಲೆಯೂ ಇದೆ. ಖಾಲಿ ಕಾಗದ ಕಂಡರೆ ಅದರ ಮೇಲೆ ಏನಾದರೂ ಗೀಚದೆ ಇರಲಾರೆ. ರೈಲಿನ ನಂಬರು, ಹೊರಡುವ ಹೊತ್ತು, ಯಾರದೋ ಹೆಸರು, ಕೈಗೆ ಸಿಕ್ಕಿದ್ದರ ಮೇಲೆ ಬರೆದಿಟ್ಟುಕೊಂಡೇ ನನ್ನ ನೌಕರಿ ನಡೆದದ್ದು. ನನ್ನ ಮದುವೆಯ ದಿನ ತಾಂಬೂಲದ ಚೀಲಗಳ ಮೇಲೆ ನೆಂಟರಿಗೆಲ್ಲ ವಾಪಸು ರೈಲಿನ ಸಮಯ ಬರೆದುಕೊಟ್ಟೆನಂತೆ. ನನ್ನ ಹೆಂಡತಿ ಸರೋಜ ಇವತ್ತಿಗೂ ಅದನ್ನು ಹೇಳಿ ನಗುತ್ತಾಳೆ. ಮದುವೆಗೆ ಬಂದವರನ್ನು ಓಡಿಸುವುದರಲ್ಲಿ ಮದುಮಗನಿಗೆ ಅಷ್ಟು ಆಸಕ್ತಿ ಇರುವುದನ್ನು ಅವಳ ಮನೆಯವರು ಅದಕ್ಕೆ ಮುಂಚೆ ಕಂಡಿರಲಿಲ್ಲವಂತೆ.

ಇದೆಲ್ಲ ಈಗ ನೆನಪಾಗಲು ಕಾರಣ, ಮೊನ್ನೆ ಆಂಡರ್ಸನ್‌ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಆದ ಅವಮಾನ. ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಲು ಹೋಗಿದ್ದೆ. ಹಳೆಯದನ್ನು ತಿರುವಿ ಹಾಕಿದ ಅಂಗಡಿಯವನು ಒಂದು ಪುಟದಲ್ಲಿ ನಿಂತುಬಿಟ್ಟ. ಆಮೇಲೆ ಅದನ್ನು ಅಕ್ಕಪಕ್ಕ ನಿಂತಿದ್ದ ಗಿರಾಕಿಗಳಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದ: “ಬೆಳಗಿನ ತಿಂಡಿ ಏಳರಿಂದ ಹತ್ತು. ಮೊಟ್ಟೆ ಬೇಡ ಅನ್ನಬೇಕು. ಬಸ್ಸು ಎಡಗಡೆ ಗೇಟಿನಲ್ಲಿ.” ಅಕ್ಷರ ನನ್ನದೇ. ನೀಲಿ ಬಾಲ್‌ಪೆನ್ನು. ಪುಟ, ವೀಸಾ ಮುದ್ರೆಗೆಂದು ಸರ್ಕಾರ ಖಾಲಿ ಬಿಟ್ಟ ಪುಟ.

ಕಥೆ ಹೇಳಿಬಿಡುತ್ತೇನೆ, ನೀವೂ ನಗಿ.

ನಮ್ಮ ನಿವೃತ್ತ ರೈಲ್ವೆ ಗೆಳೆಯರ ಗುಂಪು ಒಂದು ವಾರ ಬ್ಯಾಂಕಾಕಿಗೆ ಹೊರಟಿತು. ಸರೋಜ ವಿಮಾನ ಹತ್ತುವುದಿಲ್ಲ ಎಂದು ಹಟ ಹಿಡಿದಳು. ಹಾಗಾದರೆ ಅಕ್ಕನನ್ನು ಕರೆದುಕೊಂಡು ಹೋಗೋಣವೆಂದು ನಾನು ಹೇಳಿದೆ. ಅಕ್ಕ ಎಂದರೆ ನನ್ನ ಒಡಹುಟ್ಟಿದ ಮುನಿರತ್ನಮ್ಮ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಬಂಗಾರಪೇಟೆಯ ಪಕ್ಕದ ಹಳ್ಳಿಯಲ್ಲಿ ಎರಡು ಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿಕೊಂಡು, ಊರಿನವರಿಗೆಲ್ಲ ಬುದ್ಧಿ ಹೇಳಿಕೊಂಡು ಇರುವವಳು. ಮೊದಲು ಕೇಳಿದಾಗ “ಅಲ್ಲೇನ್ಲಾ ಐತೆ? ಹಾವು ತಿಂತಾರಂತೆ” ಎಂದು ನನ್ನ ಮಾತನ್ನು ತೆಗೆದುಹಾಕಿದಳು. ಎರಡನೆಯ ಸಲ ಕೇಳಿದಾಗ ಹಸುವಿನ ನೆಪ ಹೇಳಿದಳು. ಆಮೇಲೆ ಒಂದು ದಿನ ತಾನಾಗಿಯೇ ಫೋನು ಮಾಡಿ, “ಬತ್ತೀನಿ ಕಣ್ಲಾ ನಾರಾಯಣ, ಪಾಸ್‌ಪೋರ್ಟ್ ಮಾಡ್ಸು” ಎಂದಳು. ಹಸುಗಳನ್ನು ನೋಡಿಕೊಳ್ಳಲು ಸರೋಜ ಒಪ್ಪಿದಳು. ಅಕ್ಕನ ಮನಸ್ಸು ಯಾಕೆ ಬದಲಾಯಿತೆಂದು ನಾನು ಕೇಳಲಿಲ್ಲ. ಹೆಂಗಸರ ಮನಸ್ಸು ಎಂದು ದೊಡ್ಡ ತಿಳಿವಳಿಕಸ್ಥನ ಹಾಗೆ ಸುಮ್ಮನಾದೆ.

ಬ್ಯಾಂಕಾಕಿನ ಹೋಟೆಲಿನಲ್ಲಿ ಇಳಿದ ಮಾರನೆಯ ದಿನ ಅಕ್ಕನ ಚೀಲ ಬಿಚ್ಚಿದಾಗ ವಿಷಯ ಹೊರಬಿತ್ತು. ಮೂರು ಸೀರೆ ಬಿಟ್ಟರೆ ಉಳಿದದ್ದೆಲ್ಲ ಹುರುಳಿಕಾಳು, ಹುರಿದ ಅವರೆಕಾಳು, ಸಾರಿನ ಪುಡಿ.

“ಇಷ್ಟೆಲ್ಲ ಯಾಕಕ್ಕಾ? ಇಲ್ಲಿ ಊಟ ಕೊಡ್ತಾರೆ,” ಎಂದೆ.

“ನಿಂಗಲ್ಲ ಕಣೋ ಇದು. ಸ್ಟೆಲ್ಲಂಗೆ.”

“ಯಾವ ಸ್ಟೆಲ್ಲಾ?”

“ಎಷ್ಟು ಜನ ಸ್ಟೆಲ್ಲ ಗೊತ್ತೈತೆ ನಿಂಗೆ? ಚಾಂಪಿಯನ್ ರೀಫ್ಸ್ ಸ್ಟೆಲ್ಲ. ಅಂತೋಣಿ ಓಗ್ಬುಟ್ಟ. ಮಾತಾಡ್ಸ್ಕೊಂಡು ಬರ್ಬೇಕು.”

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಕ್ಕನನ್ನು ಕೊಟ್ಟದ್ದು ಚಾಂಪಿಯನ್ ರೀಫ್ಸಿನ ಚಿನ್ನದ ಗಣಿ ಕೆಲಸದವರ ಮನೆಗೆ. ಸಾಲುಮನೆ, ನಡುವೆ ಒಂದೇ ಗೋಡೆ. ಆ ಗೋಡೆಯ ಆಚೆ ಸ್ಟೆಲ್ಲಾ ಮತ್ತು ಅವಳ ಗಂಡ ಅಂತೋಣಿ. ನಮ್ಮ ಭಾವನೂ ಅಂತೋಣಿಯೂ ಒಂದೇ ಪಾಳಿಯಲ್ಲಿ ಗಣಿಗೆ ಇಳಿಯುತ್ತಿದ್ದರು. ಅಕ್ಕ ಕನ್ನಡದಲ್ಲಿ ಶುರು ಮಾಡಿದ ಮಾತನ್ನು ಸ್ಟೆಲ್ಲಾ ತಮಿಳಿನಲ್ಲಿ ಮುಗಿಸುತ್ತಿದ್ದಳು; ಇಬ್ಬರೂ ಸೇರಿ ತರಕಾರಿಯವನ ಜೊತೆ ತೆಲುಗಿನಲ್ಲಿ ಜಗಳವಾಡುತ್ತಿದ್ದರು. ಬೇಸಿಗೆ ರಜೆಗೆ ನಾನು ಅಲ್ಲಿಗೆ ಹೋದರೆ ಎರಡು ಮನೆಯಲ್ಲೂ ಊಟ. ಸ್ಟೆಲ್ಲಾ ಮಾಡುತ್ತಿದ್ದ ಮೀನಿನ ಸಾರಿನ ವಾಸನೆಗೆ ಅಕ್ಕ ಮೂಗು ಮುಚ್ಚಿಕೊಂಡು, ನನ್ನನ್ನು ಮಾತ್ರ ತಡೆಯದೆ, ಬಾಗಿಲಲ್ಲಿ ಕಾವಲು ಕೂರುತ್ತಿದ್ದಳು, ಅಪ್ಪ ಬಂದುಬಿಟ್ಟರೆ ಎಂದು.

ಗಣಿ ಮುಚ್ಚಿದ ಮೇಲೆ ಅಕ್ಕ ಭಾವ ಹಳ್ಳಿಗೆ ಬಂದರು. ಸ್ಟೆಲ್ಲಾ ಅಂತೋಣಿ ಕೆಲವು ವರ್ಷ ಚೆನ್ನೈನಲ್ಲಿದ್ದು, ಕೊನೆಗೆ ಮಗಳ ಜೊತೆ ವಿಯೆಟ್ನಾಮಿಗೆ ಹೋದರು; ಬ್ಯಾಂಕಾಕಿನಿಂದ ಅಲ್ಲಿಗೆ ವಿಮಾನದಲ್ಲಿ ಎರಡೇ ಗಂಟೆ. ಮಗಳು ಅಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಾಳೆ. ಭಾವ ತೀರಿಕೊಂಡಾಗ ಸ್ಟೆಲ್ಲಾ ಚೆನ್ನೈನಿಂದ ರೈಲಿನಲ್ಲಿ ಬಂದು ಹದಿಮೂರು ದಿನವೂ ಇದ್ದು ಹೋಗಿದ್ದಳು. ಈಗ ಅಂತೋಣಿ ಹೋಗಿ ಎರಡು ತಿಂಗಳಾಗಿತ್ತು. ಸುದ್ದಿ ಬಂದ ಮಾರನೆಯ ದಿನವೇ ಅಕ್ಕ ನನಗೆ “ಬತ್ತೀನಿ” ಎಂದು ಫೋನು ಮಾಡಿದ್ದಳೆಂದು ಆಗ ಲೆಕ್ಕ ಕೂಡಿತು.

“ಊರಲ್ಲೇ ಹೇಳಬಾರದಿತ್ತಾ ಅಕ್ಕಾ? ವೀಸಾ ಅಲ್ಲೇ ಮಾಡಿಸ್ತಿದ್ದೆ.”

“ಏಳಿದ್ರೆ ಬಿಡ್ತಿದ್ರಾ ನೀವು? ಫೋನಲ್ಲೇ ಮಾತಾಡ್ಸು ಅಂತಿದ್ರಿ. ಸಾವಿನ ಮನೇನ ಯಾರಾನಾ ಫೋನಲ್ಲಿ ಮಾತಾಡ್ಸ್ತಾರೇನ್ಲಾ?”

ಸತ್ಯವಾಗಿ ಹೇಳಬೇಕೆಂದರೆ, ನಾನು ಹಾಗೆಯೇ ಅನ್ನುತ್ತಿದ್ದೆ.

ಸ್ಟೆಲ್ಲಾಳ ಮಗಳಿಗೆ ಫೋನು ಮಾಡಿದರೆ ಅವಳಿಗೆ ಎಲ್ಲ ಗೊತ್ತಿತ್ತು; ಅಕ್ಕ ಮೊದಲೇ ಹೇಳಿಟ್ಟಿದ್ದಳು. ಅಮ್ಮನಿಗೆ ಮಾತ್ರ ಹೇಳಿಲ್ಲ, ವೀಸಾ ಸಿಗದೇ ಹೋದರೆ ನೊಂದುಕೊಳ್ಳುತ್ತಾರೆ ಎಂದಳು. ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ, ಯಾರ ಜೊತೆಯೂ ಮಾತಿಲ್ಲ, ಆಂಟಿ ಬಂದರೆ ಒಳ್ಳೆಯದು ಎಂದೂ ಸೇರಿಸಿದಳು. ಶನಿವಾರ ಬೆಳಗಿನ ವಿಮಾನಕ್ಕೆ ನಮ್ಮಿಬ್ಬರಿಗೂ ಅವಳೇ ಟಿಕೆಟ್ ಮಾಡಿಸುತ್ತಾಳಂತೆ. ಅಷ್ಟರೊಳಗೆ ವೀಸಾ ಕೈಗೆ ಬರಬೇಕು. ಶನಿವಾರ ಸಂಜೆಗೆ ನಮ್ಮ ಗುಂಪು ಊರಿಗೆ ಹೊರಡುವುದಿತ್ತು. ಆ ದಿನ ತಪ್ಪಿದರೆ ಅಕ್ಕ ಇನ್ನೊಂದು ಸಲ ಹಳ್ಳಿಯಿಂದ ಹೊರಟು ಇಷ್ಟು ದೂರ ಬರುವುದು ಸುಳ್ಳು.

ಮೊಬೈಲಿನಲ್ಲೇ ವೀಸಾ ಆಗುತ್ತದೆ ಎಂದು ನಮ್ಮ ಗೈಡ್ ಹುಡುಗಿ ಹೇಳಿದಳು. ಕಿಟಕಿಯಿಲ್ಲದ ಕೆಲಸವನ್ನು ನಾನು ನಂಬುವವನಲ್ಲ. ಹೋಟೆಲಿನ ಹಿಂದಿನ ರಸ್ತೆಯಲ್ಲಿ ವೀಸಾ ಮಾಡಿಸಿಕೊಡುವ ಒಂದು ಏಜೆನ್ಸಿ ಇತ್ತು. ಗಾಜಿನ ಕಿಟಕಿ, ಅದರಲ್ಲಿ ಕೈ ತೂರುವಷ್ಟು ಅರ್ಧಚಂದ್ರ. ನೋಡಿದೊಡನೆ ನನಗೆ ತವರು ಕಂಡಂತಾಯಿತು. “ಅಕ್ಕಾ, ಇನ್ನು ನೀನು ಸುಮ್ಮನೆ ಕೂತ್ಕೋ. ಕಿಟಕಿ ವ್ಯವಹಾರ ನನಗೆ ಬಿಡು” ಎಂದೆ.

ಬಾಗಿಲಲ್ಲಿ ನಂಬರು ಕೆತ್ತಿದ ಪ್ಲಾಸ್ಟಿಕ್ ಬಿಲ್ಲೆಗಳನ್ನು ಕೊಟ್ಟರು. ನಂಬರು ಕೂಗಿದಾಗ ಹೋಗಿ ಬಿಲ್ಲೆ ಒಪ್ಪಿಸಬೇಕು. ನನ್ನದು ಮೊದಲು ಬಂತು. ಕಿಟಕಿಯ ಹುಡುಗಿ ನನ್ನ ಪಾಸ್‌ಪೋರ್ಟ್ ತಿರುವಿದಳು, ನಿಂತಳು, ಕನ್ನಡಕ ಸರಿಮಾಡಿಕೊಂಡಳು. ಆಮೇಲೆ ಪುಟವನ್ನು ಗಾಜಿಗೆ ಒತ್ತಿ ಹಿಡಿದು ಬಹಳ ವಿನಯದಿಂದ ಇಂಗ್ಲಿಷಿನಲ್ಲಿ ಕೇಳಿದಳು: “ಸರ್, ಇದು ಯಾವ ದೇಶದ ವೀಸಾ?”

ನೋಡಿದೆ. ಹಿಂದಿನ ದಿನ ಹೋಟೆಲಿನಲ್ಲಿ ಗೈಡ್ ಹುಡುಗಿ ತಿಂಡಿಯ ಹೊತ್ತು ಹೇಳುವಾಗ ನನ್ನ ಕೈಯಲ್ಲಿ ಪಾಸ್‌ಪೋರ್ಟ್ ಇತ್ತು, ಜೇಬಿನಲ್ಲಿ ಪೆನ್ನಿತ್ತು. ಉಳಿದದ್ದು ನಿಮಗೆ ಗೊತ್ತು. ಗೀಚಿದ ಪಾಸ್‌ಪೋರ್ಟಿಗೆ ವೀಸಾ ಕೇಳಲಾಗದು, ಊರಿಗೆ ಹೋಗಿ ಹೊಸದು ಮಾಡಿಸಿ ಎಂದು ಆಕೆ ಅರ್ಧಚಂದ್ರದಿಂದ ಅದನ್ನು ವಾಪಸು ತಳ್ಳಿದಳು. ಕೆಲಸದಲ್ಲಿ ಬಲು ಚುರುಕು. ಸುಖದ ದಿನವಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

ಮುಖ ಸಣ್ಣದು ಮಾಡಿಕೊಂಡು ಬಂದು ಅಕ್ಕನಿಗೆ ಹೇಳಿದೆ. “ಬಿಟ್ಟುಬಿಡೋಣ ಅಕ್ಕಾ. ನಾನಿಲ್ಲದೆ ನೀನೊಬ್ಬಳೇ ಹೇಗೆ ಹೋಗ್ತೀಯ? ಭಾಷೆ ಬರಲ್ಲ, ಊರು ಗೊತ್ತಿಲ್ಲ.”

“ಭಾಷೆ ಬರ್ದೇ ಏನ್ಲಾ? ಕನ್ನಡ, ತಮಿಳು, ತೆಲುಗು, ಮೂರರಲ್ಲೂ ಕೇಳ್ತೀನಿ. ಯಾವ್ದಾನಾ ಒಂದು ಅವ್ರಿಗೆ ತಿಳ್ದೇ ತಿಳೀತದೆ.”

ಅಷ್ಟರಲ್ಲಿ ಅವಳ ನಂಬರು ಕೂಗಿದರು. ಅವಳ ಪಾಸ್‌ಪೋರ್ಟ್ ಗರಿಗರಿ ಹೊಸದು, ನನ್ನ ಕೈಗೆ ಸಿಕ್ಕಿರಲಿಲ್ಲ. ಹುಡುಗಿ ಅದನ್ನೂ ಫೋಟೋವನ್ನೂ ಒಳಗೆ ತೆಗೆದುಕೊಂಡು, ರಸೀದಿ ಕೊಟ್ಟು, ಬಿಲ್ಲೆಗಾಗಿ ಕೈ ಚಾಚಿದಳು. ಅಕ್ಕ ಕೊಡಲಿಲ್ಲ. ಸೆರಗಿನ ತುದಿಗೆ ಬಿಲ್ಲೆ ಗಂಟು ಹಾಕಿ, ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಕೊಡಕ್ಕಾ, ಅದು ಸರದಿಯ ಬಿಲ್ಲೆ. ರಸೀದಿ ಕೊಟ್ಟಿದ್ದಾರಲ್ಲ!”

“ರಸೀದಿ ಕಾಗ್ದ. ನನ್ ಪಾಸ್‌ಪೋರ್ಟ್ ಒಳಕ್ಕಿಳ್ದೈತೆ. ಅದು ಮೇಲಕ್ ಬರೋಗಂಟ ಬಿಲ್ಲೆ ಕೊಡಾಕಿಲ್ಲ.”

ಹುಡುಗಿ ಕೇಳಿದಳು, ನಾನು ಬೇಡಿದೆ, ಹಿಂದೆ ನಿಂತಿದ್ದ ವಿದೇಶಿಯರು ಕತ್ತು ಉದ್ದ ಮಾಡಿ ನೋಡಿದರು. ಒಳಗಿನಿಂದ ಒಬ್ಬ ಬೊಕ್ಕತಲೆಯ ಮ್ಯಾನೇಜರು ಬಂದ. ಅಕ್ಕನ ಮುಖ ನೋಡಿದ, ಸೊಂಟದ ಗಂಟು ನೋಡಿದ, ಅಲ್ಲಿಗೆ ಕೈ ಹಾಕುವುದು ಯಾರಿಂದಲೂ ಆಗದೆಂದು ಅರ್ಥಮಾಡಿಕೊಂಡು ನಕ್ಕುಬಿಟ್ಟ. ರಟ್ಟಿನ ತುಂಡಿನ ಮೇಲೆ ಆ ನಂಬರು ಬರೆದು ಬಿಲ್ಲೆಗಳ ಸಾಲಿಗೆ ಸೇರಿಸಿದ. ನಾನು ಮಾತ್ರ ರಸ್ತೆಗೆ ಬಂದ ಮೇಲೂ ತಲೆ ಎತ್ತಲಿಲ್ಲ.

ಅಕ್ಕನ ತಲೆಯಲ್ಲಿ ಇದ್ದದ್ದು ಬೇರೆ ಬಿಲ್ಲೆ. ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ನಂಬರಿನ ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಇಳಿಯುವಾಗ ಅದನ್ನು ಕೊಟ್ಟು ಇಳಿಯಬೇಕು. ಮೇಲಿನವರು ಅದನ್ನು ಹಲಗೆಯ ಮೊಳೆಗೆ ನೇತುಹಾಕುತ್ತಾರೆ. ಮೇಲೆ ಬಂದವನು ತನ್ನ ಬಿಲ್ಲೆ ತೆಗೆದುಕೊಂಡು ಮನೆಗೆ ಹೋಗುತ್ತಾನೆ. ಹಲಗೆಯ ಮೇಲೆ ಬಿಲ್ಲೆ ಉಳಿದಿದೆ ಎಂದರೆ ಆ ಮನುಷ್ಯ ಇನ್ನೂ ಭೂಮಿಯ ಕೆಳಗಿದ್ದಾನೆ ಎಂದರ್ಥ. ಆ ಸಾಲುಮನೆಗಳ ಹೆಂಗಸರು ಬೇರೆ ಯಾವ ಕಾಗದವನ್ನೂ ನಂಬುತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಹೋದೆವು. ಪಾಸ್‌ಪೋರ್ಟ್ ವಿಯೆಟ್ನಾಮಿನ ರಾಯಭಾರ ಕಚೇರಿಯಿಂದ ಇನ್ನೂ ಬಂದಿಲ್ಲ, ಬಹುಶಃ ಸೋಮವಾರ ಎಂದ ಮ್ಯಾನೇಜರ್. ಸೋಮವಾರಕ್ಕೆ ನಾವು ಬಂಗಾರಪೇಟೆಯಲ್ಲಿರಬೇಕು. ಅಕ್ಕನಿಗೆ ಹೇಗೆ ಹೇಳುವುದೆಂದು ಒದ್ದಾಡಿ, ಕೊನೆಗೆ ಹೇಳಿದೆ. ಅವಳು ಮೂಲೆಯ ಬೆಂಚಿನ ಮೇಲೆ ಕಾಲು ಮಡಿಚಿ ಕೂತಳು.

“ನೀನ್ ಓಗಿ ಊಟ ಮಾಡು. ನಾನ್ ಇಲ್ಲೇ ಇರ್ತೀನಿ.”

“ಇಲ್ಲಿ ಕೂತರೆ ಬೇಗ ಬರುತ್ತಾ ಅಕ್ಕಾ?”

“ಬರಾಕಿಲ್ಲ. ಆದ್ರೆ ಬಂದಾಗ ಯಾರಾನಾ ಇರ್ಬೇಕಲ್ಲ.”

ನಾನೂ ಕೂತೆ. ಕೂತಾಗ ನೆನಪಾಯಿತು. ನಾನು ರಜೆಗೆ ಹೋಗಿದ್ದಾಗ ಒಂದು ಬೆಳಿಗ್ಗೆ ನೆಲ ನಡುಗಿ, ಅಟ್ಟದ ಮೇಲಿನ ಪಾತ್ರೆಗಳೆಲ್ಲ ಉರುಳಿಬಿದ್ದವು. ಕೆಳಗೆ ಎಲ್ಲೋ ಬಂಡೆ ಸಿಡಿದಿತ್ತು. ಕೇರಿಯ ಹೆಂಗಸರೆಲ್ಲ ಒಲೆಯ ಮೇಲಿಟ್ಟಿದ್ದನ್ನು ಹಾಗೇ ಬಿಟ್ಟು ಗಣಿಯ ಬಾಯಿಗೆ ಓಡಿದರು. ಅಕ್ಕ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ನನ್ನ ಮಣಿಕಟ್ಟಿಗೆ ಒತ್ತಿ ಗುರುತಾಗಿತ್ತು. ಹಲಗೆಯ ತುಂಬ ಬಿಲ್ಲೆಗಳು. ಅಳುವ ಸದ್ದು ಅಷ್ಟಿರಲಿಲ್ಲ. ಎಲ್ಲರೂ ಹಲಗೆಯನ್ನೇ ನೋಡುತ್ತ ಕೂತಿದ್ದರು. ಮೊದಲ ಸಲ ಪಂಜರದಂಥ ಲಿಫ್ಟು ಮೇಲೆ ಬಂದಾಗ ಅದರಲ್ಲಿ ಅಂತೋಣಿ ಇದ್ದ. ಧೂಳು ಮೆತ್ತಿದ ಮುಖದಲ್ಲಿ ಕಣ್ಣು ಮಾತ್ರ ಕಾಣುತ್ತಿತ್ತು. ತನ್ನ ಬಿಲ್ಲೆ ತೆಗೆದುಕೊಂಡು ಬಂದು ಸ್ಟೆಲ್ಲಾಳ ಮುಂದೆ ನಿಂತ. ಭಾವನ ಸುದ್ದಿ ಇರಲಿಲ್ಲ.

ಸ್ಟೆಲ್ಲಾ ಗಂಡನ ಮುಖವನ್ನು ಸೆರಗಿನಿಂದ ಒರೆಸಿದಳು. “ನೀಂಗ ಪೋಂಗೋ, ಸೋರು ಇರುಕ್ಕು” ಎಂದಳು, ನೀವು ಹೋಗಿ, ಅನ್ನ ಇದೆ ಎಂದು. ಗಂಡನನ್ನು ಮನೆಗೆ ಕಳಿಸಿ ಮತ್ತೆ ಅಕ್ಕನ ಪಕ್ಕದಲ್ಲಿ ಕೂತಳು. ಬಿಸಿಲು ನೆತ್ತಿಗೆ ಬಂತು, ಇಳಿಯಿತು. ಬನ್ನು ತಂದು ಅಕ್ಕನ ಬಾಯಿಗೆ ಮುರಿದು ಇಟ್ಟಳು, ನನಗೂ ಕೊಟ್ಟಳು. ಸಂಜೆಗೆ ಭಾವ ಕುಂಟಿಕೊಂಡು ಮೇಲೆ ಬಂದ. ಆಗ ಮಾತ್ರ ಅವಳು ಎದ್ದದ್ದು. ಅಂತೋಣಿ ಬದುಕಿ ಬಂದ ದಿನ ಅವನ ಹತ್ತಿರ ಇರಬೇಕೆಂದು ಅವಳಿಗೆ ಎಷ್ಟು ಅನಿಸಿರಬೇಕೆಂಬುದು ನನಗೆ ಹೊಳೆದದ್ದು, ಮದುವೆಯಾಗಿ ಎಷ್ಟೋ ವರ್ಷಗಳಾದ ಮೇಲೆ.

ಏಜೆನ್ಸಿಯಲ್ಲಿ ದೀಪ ಹಾಕಿದರು. ಹುಡುಗಿ ಅಕ್ಕನಿಗೆ ಒಂದು ಲೋಟ ನೀರು ಕೊಟ್ಟಳು. ಅಕ್ಕ ಅವಳಿಗೆ ಚೀಲದಿಂದ ಹುರಿದ ಅವರೆಕಾಳು ಕೊಟ್ಟಳು. ಹುಡುಗಿ ಒಂದು ಅಗಿದಳು, ಹಿಡಿ ತುಂಬ ಕೇಳಿ ಪಡೆದಳು, ಒಳಗೆ ಮ್ಯಾನೇಜರಿಗೂ ಹೋಯಿತು. ಕೊಟ್ಟ ಕಾಳಿನ ಪ್ರಭಾವವೋ, ಬೆಂಚು ಖಾಲಿಯಾದರೆ ಬಾಗಿಲು ಹಾಕಬಹುದೆಂಬ ಆಸೆಯೋ, ಆತ ಎರಡು ಮೂರು ಕಡೆ ಫೋನು ಮಾಡಿದ. ಬಾಗಿಲು ಹಾಕುವ ಹೊತ್ತಿಗೆ ಸ್ಕೂಟರಿನವನೊಬ್ಬ ಒಂದು ಲಕೋಟೆ ತಂದ. ಅದರಲ್ಲಿ ಅಕ್ಕನ ಪಾಸ್‌ಪೋರ್ಟ್, ಅದರೊಳಗೆ ಒಂದು ತಿಂಗಳ ವೀಸಾ.

ಅಕ್ಕ ಪಾಸ್‌ಪೋರ್ಟನ್ನು ತೆರೆದು ತನ್ನ ಫೋಟೋ ನೋಡಿದಳು, ಬೇರೆ ಯಾರದಾದರೂ ಬಂದಿದೆಯೇ ಎಂದು. ಆಮೇಲೆ ಸೆರಗಿನ ಗಂಟು ಬಿಚ್ಚಿ ಬಿಲ್ಲೆಯನ್ನು ಕಿಟಕಿಯಲ್ಲಿ ಇಟ್ಟಳು. ಮ್ಯಾನೇಜರ್ ಎರಡೂ ಕೈ ಜೋಡಿಸಿ ಬಗ್ಗಿದ. ಆ ದೇಶದಲ್ಲಿ ಎಲ್ಲರಿಗೂ ಹಾಗೆ ಬಗ್ಗುತ್ತಾರೆ. ಅಕ್ಕನಿಗೆ ನಾನು ಅದನ್ನು ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿ ಅವಳನ್ನು ಬಿಟ್ಟೆ. ಹೋಟೆಲಿನ ಕಾಗದದ ಮೇಲೆ, ಕಾಗದದ ಮೇಲೆಯೇ, ಅವಳ ಹೆಸರು, ಹೋಗುವ ಊರು, ಸ್ಟೆಲ್ಲಾಳ ಮಗಳ ನಂಬರು ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಧೈರ್ಯ ಹೇಳಬೇಕೆಂದು ಬಾಯಿ ತೆರೆದರೆ ನನ್ನ ದನಿಯೇ ನಡುಗಿತು. “ಅಳ್ಬೇಡ್ಲಾ, ನಾಕ್ ದಿನ ಇದ್ದು ಬತ್ತೀನಿ. ಸರೋಜಂಗೆ ಏಳು, ಕೆಂದ ಹಸ ಒದೀತದೆ, ಉಸಾರು” ಎಂದು ಅಕ್ಕ ಕಾಳಿನ ಚೀಲ ಹೊತ್ತು ಒಳಗೆ ನಡೆದಳು. ಹಿಂದಕ್ಕೆ ತಿರುಗಿ ನೋಡಲಿಲ್ಲ. ನಾನು ಮಧ್ಯಾಹ್ನದವರೆಗೂ ಏನೂ ತಿನ್ನಲಾರದೆ ಕೂತಿದ್ದೆ. ತಲುಪಿದಳೆಂದು ಸ್ಟೆಲ್ಲಾಳ ಮಗಳು ಫೋನು ಮಾಡಿದ ಮೇಲೆ ಎರಡು ಊಟ ಮಾಡಿದೆ.

ಹೇಳಿದ ನಾಲ್ಕು ದಿನ ಕಳೆಯಿತು, ವಾರ ಕಳೆಯಿತು. ಅಕ್ಕ ಬರಲಿಲ್ಲ. ಕೆಂದ ಹಸು ಸರೋಜಳನ್ನು ಎರಡು ಸಲ ಒದ್ದು, ಆ ಕೆಲಸ ನನಗೆ ಬಂದು, ನನ್ನನ್ನೂ ಒದ್ದಿತ್ತು. ಎರಡನೆಯ ವಾರ ನಾನೇ ವಿಡಿಯೋ ಕಾಲ್ ಮಾಡಿದೆ. ತೆರೆಯ ತುಂಬ ಅಕ್ಕನ ಮೂಗುಬೊಟ್ಟು ಕಂಡಿತು.

“ಯಾವಾಗ ಬರ್ತೀಯಕ್ಕಾ? ಹಸು ನನ್ನ ಮಾತು ಕೇಳ್ತಿಲ್ಲ.”

“ಬತ್ತೀನಿರ್ಲಾ. ಇವ್ಳು ಒಸಿ ನಗೋ ಅಂಗಾಗ್ಲಿ, ಬತ್ತೀನಿ.”

ಹಿಂದಿನಿಂದ ಯಾರೋ ಫೋನು ಕಸಿದುಕೊಂಡರು. ಬಿಳಿ ತಲೆ, ಹಲ್ಲಿಲ್ಲದ ಬಾಯಿ, ಗುರುತು ಹಿಡಿಯಲು ನನಗೆ ಒಂದು ಕ್ಷಣ ಬೇಕಾಯಿತು. ಸ್ಟೆಲ್ಲಾ.

“ನಂಬಾದೆ, ನಂಬ್ಬೇಡ ನಾರಾಯಣಾ! ಇವ್ಳು ಕಾಳಿನ ಮೂಟೆ ಒತ್ಕೊಂಡು ಬಾಗ್ಲಲ್ಲಿ ನಿಂತ ದಿನವೇ ನಕ್ಕುಬುಟ್ಟೆ ನಾನು,” ಎಂದಳು. “ಓಗು ಅಂತ ದಿನಾ ಏಳ್ತೀನಿ. ಇವ್ಳೇ ಎದ್ದೋಗ್ತಾ ಇಲ್ಲ.”